ಗಡೀಪಾರಾದ ಐರಿಷ್ ಹೆಂಗಸರನ್ನು ‘ಕಳ್ಳಿಯರು’ ಎಂದು ಮುಗಿಸಬಾರದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಆಸ್ಟ್ರೇಲಿಯದ ಇತಿಹಾಸವನ್ನು ಕುರಿತ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಸೆರೆಮನೆಗಳು ತುಂಬಿ ತುಳುಕಿದಾಗ ಬ್ರಿಟಿಷ್ ಸರಕಾರವು ತನ್ನ ಕೈದಿಗಳನ್ನು ಹಡಗು ಹತ್ತಿಸಿ ಭೂಮಿಯ ಇನ್ನೊಂದು ತುದಿಗೆ ಸಾಗಿಸಿದ ಸಂಗತಿಯನ್ನು ಲೇಖಕರು ಓದಿಸಿಕೊಂಡು ಹೋಗುವ ಹಾಗೆ ಹೇಳಿದ್ದಾರೆ; ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಐರ್ಲೆಂಡಿನಿಂದ ಗಡೀಪಾರಾದ ಹೆಂಗಸರ ಪ್ರಸ್ತಾಪ ಬಂದಲ್ಲಿ ಅವರನ್ನು ‘ಕಳ್ಳಿಯರು ಮತ್ತು ನಡತೆಗೆಟ್ಟವರು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗಿರುವುದು ಸರಿಯಲ್ಲ. ಉಡುಪಿಯ ಕಾಲೇಜೊಂದರಲ್ಲಿ ಬಹುಕಾಲ ಇತಿಹಾಸ ಪಾಠ ಮಾಡಿ, ನಿವೃತ್ತಿಯ ನಂತರವೂ ಈ ಹೆಂಗಸರ ಬಗ್ಗೆ ಸಿಕ್ಕಿದ್ದನ್ನೆಲ್ಲ ಆಸ್ಥೆಯಿಂದ ಓದುತ್ತ ಬಂದಿರುವ ನನಗೆ, ಅವರ ಪರವಾಗಿ ಕೆಲವು ವಿವರಗಳನ್ನು ತಮ್ಮ ಓದುಗರ ಮುಂದಿಡುವುದು ಕರ್ತವ್ಯ ಎನಿಸಿತು. ಪತ್ರ ತುಸು ದೀರ್ಘವಾಗಿದೆ. ದಯವಿಟ್ಟು ಸ್ಥಳಾವಕಾಶ ಮಾಡಿಕೊಡಬೇಕೆಂದು ವಿನಂತಿ.

1788ರಿಂದ 1868ರವರೆಗಿನ ಎಂಬತ್ತು ವರ್ಷಗಳಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಗಡೀಪಾರಾದವರು ಸುಮಾರು 1,62,000 ಮಂದಿ. ಅವರಲ್ಲಿ ಹೆಂಗಸರು ಸುಮಾರು 25,000. ಆ ಹೆಂಗಸರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಐರ್ಲೆಂಡಿನವರು. ಐರ್ಲೆಂಡಿನಿಂದ ನೇರವಾಗಿ ಹೊರಟ ಮೊದಲ ಕೈದಿ ಹಡಗಾದ ‘ಕ್ವೀನ್’ 1791ರಲ್ಲಿ ಕಾರ್ಕ್ ಬಂದರಿನಿಂದ ಸಿಡ್ನಿಗೆ ಹೋಯಿತು. ಅದರಲ್ಲಿ 22 ಹೆಂಗಸರಿದ್ದರು. 1840ರವರೆಗೆ ಬಹುಪಾಲು ನ್ಯೂ ಸೌತ್ ವೇಲ್ಸಿಗೂ, ಅಲ್ಲಿಂದ ಮುಂದೆ 1853ರವರೆಗೆ ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎನ್ನಿಸಿಕೊಂಡಿದ್ದ ಟಾಸ್ಮೇನಿಯಕ್ಕೂ ಈ ಹಡಗುಗಳು ಹೋಗುತ್ತಿದ್ದವು. ಹೆಚ್ಚಿನವರಿಗೆ ವಿಧಿಸಿದ್ದು ಏಳು ವರ್ಷಗಳ ಶಿಕ್ಷೆ. ಏಳು ವರ್ಷವೆಂದರೆ ಅಷ್ಟೇನೂ ಆಗಲಿಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಶಿಕ್ಷೆ ಮುಗಿದವರನ್ನು ಊರಿಗೆ ಮರಳಿ ಕರೆತರುವ ಹೊಣೆಯನ್ನು ಸರಕಾರ ಹೊತ್ತಿರಲಿಲ್ಲ. ಗಂಡಸಾದರೆ ಹಡಗಿನಲ್ಲಿ ಕೂಲಿ ಮಾಡಿಕೊಂಡಾದರೂ ವಾಪಸಾಗುವ ದಾರಿ ಇತ್ತು. ಕೈಯಲ್ಲಿ ಕಾಸಿಲ್ಲದ, ಹೆಚ್ಚಾಗಿ ಕಂಕುಳಲ್ಲಿ ಕೂಸಿದ್ದ ಹೆಂಗಸಿಗೆ ಅದೂ ಇರಲಿಲ್ಲ. ನ್ಯಾಯಾಧೀಶರು ಏಳು ವರ್ಷ ಎಂದು ಬರೆದರೂ ಹೋದವಳು ಹೋದಳೇ. ತಾಯಿತಂದೆಯ ಮುಖ, ಊರಿನ ಮಣ್ಣು ಎರಡೂ ಅಲ್ಲಿಗೆ ತೀರಿದವು.

ಅವರು ಕದ್ದದ್ದೇನು? ಒಂದು ಮೇಲಂಗಿ, ಒಂದು ಜೊತೆ ಬೂಟು, ಹಾಸಿಗೆಯ ಮೇಲಿನ ಚಾದರ, ಯಜಮಾನನ ಮನೆಯ ಚಮಚ, ಕೆಲವು ಶಿಲಿಂಗು ದುಡ್ಡು, ಕೋಳಿ, ಕುರಿ, ಅಪರೂಪಕ್ಕೊಂದು ಹಸು. ಡಬ್ಲಿನ್, ಕಾರ್ಕ್, ಲಿಮರಿಕ್‌ನಂಥ ಪಟ್ಟಣಗಳ ಹೆಂಗಸರು ಹೆಚ್ಚಾಗಿ ಬಟ್ಟೆ ಕದ್ದರೆ, ಹಳ್ಳಿಯವರು ಸಾಕುಪ್ರಾಣಿ ಮತ್ತು ಆಹಾರ ಕದ್ದರು. ಬಟ್ಟೆಯೇ ಏಕೆ ಎಂದರೆ, ಗಿರವಿ ಅಂಗಡಿಯಲ್ಲಿ ಅದನ್ನಿಟ್ಟರೆ ಕೂಡಲೇ ಅಂದಿನ ಊಟಕ್ಕೆ ದುಡ್ಡು ಹುಟ್ಟುತ್ತಿತ್ತು. ಯಂತ್ರದ ಬಟ್ಟೆ ಇನ್ನೂ ಅಗ್ಗವಾಗಿರದ ಆ ಕಾಲದಲ್ಲಿ ಒಳ್ಳೆಯ ಒಂದು ಮೇಲಂಗಿಯ ಬೆಲೆ ಕೆಲಸದವಳ ವಾರಗಟ್ಟಲೆಯ ಸಂಬಳಕ್ಕಿಂತ ಹೆಚ್ಚಾಗಿತ್ತು. ಈ ಹೆಂಗಸರಲ್ಲಿ ಬಹಳಷ್ಟು ಮಂದಿ ಮನೆಗೆಲಸದವರು. ಕದ್ದದ್ದು ಕೆಲಸಕ್ಕಿದ್ದ ಮನೆಯಿಂದಲೇ, ದೂರು ಕೊಟ್ಟದ್ದು ಆ ಮನೆಯ ಯಜಮಾನನೇ. ಪಟ್ಟಣದ ಗಲ್ಲಿಗಳಲ್ಲಿ ಕಳ್ಳತನವನ್ನೇ ಕಸುಬಾಗಿ ಮಾಡಿಕೊಂಡವರು, ಜೇಲಿಗೆ ಪದೇಪದೇ ಹೋಗಿ ಬಂದವರು ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ, ಇದ್ದರು. ಆದರೆ ಬಹುಪಾಲಿನವರು ಅಂಥವರಲ್ಲ ಎಂಬುದು ದಾಖಲೆಗಳನ್ನು ಒಂದೊಂದಾಗಿ ಎಣಿಸಿ ನೋಡಿದ ಇತಿಹಾಸಕಾರರು ಕಳೆದ ಐವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ತೋರಿಸಿಕೊಟ್ಟಿರುವ ವಿಷಯ.

‘ನಡತೆಗೆಟ್ಟವರು’ ಎಂಬ ಮಾತಿಗಂತೂ ಬಲವಾದ ಆಧಾರವೇ ಇಲ್ಲ. ವೇಶ್ಯಾವೃತ್ತಿಗೆ ಗಡೀಪಾರಿನ ಶಿಕ್ಷೆ ಇರಲೇ ಇಲ್ಲ. ಆ ಕಾರಣಕ್ಕಾಗಿ ಯಾರನ್ನೂ ಹಡಗು ಹತ್ತಿಸುವಂತಿರಲಿಲ್ಲ. ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ ಎಂದು ಹುಡುಕಿದರೆ ನಾವು ತಲುಪುವುದು ಅಧಿಕಾರಿಗಳ ಮತ್ತು ಪಾದ್ರಿಗಳ ಕಾಗದಪತ್ರಗಳನ್ನು. ಅದರಲ್ಲಿ ಒಂದನ್ನು ಕರಾವಳಿಯ ಓದುಗರಿಗೆ ವಿಶೇಷವಾಗಿ ಹೇಳಬೇಕು. 1806ರಲ್ಲಿ ಸಿಡ್ನಿಯ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಅವರು ವಸಾಹತಿನ ಹೆಂಗಸರ ಒಂದು ಪಟ್ಟಿ ತಯಾರಿಸಿದರು. ಅದರಲ್ಲಿ ಮದುವೆಯಾದವರು 395 ಮಂದಿ, ಮದುವೆಯಿಲ್ಲದೆ ಗಂಡಸಿನೊಂದಿಗೆ ಬಾಳುವವರು 1,035 ಮಂದಿ ಎಂದು ನಮೂದಾಯಿತು. ಆ ಪಟ್ಟಿಯ ಲೆಕ್ಕ ಹೇಗಿತ್ತೆಂದರೆ ಚರ್ಚ್ ಆಫ್ ಇಂಗ್ಲೆಂಡಿನ ವಿಧಿಯಂತೆ ಆದ ಮದುವೆ ಮಾತ್ರ ಮದುವೆ. ಕಥೊಲಿಕ ವಿಧಿಯಂತೆ ಕೈಹಿಡಿದು, ಮಕ್ಕಳನ್ನು ಹೆತ್ತು, ವರ್ಷಗಟ್ಟಲೆ ಒಬ್ಬನೊಂದಿಗೇ ಸಂಸಾರ ಮಾಡಿದ ಐರಿಷ್ ಹೆಂಗಸು ಕೂಡ ಎರಡನೆಯ ಪಟ್ಟಿಗೇ ಸೇರಿದಳು. ಈ ಅಂಕಿ ಲಂಡನ್ನಿಗೆ ಹೋಯಿತು, ಅಲ್ಲಿನ ದೊಡ್ಡವರ ಕಿವಿಗೆ ಬಿತ್ತು, ಒಬ್ಬರನ್ನು ನೋಡಿ ಒಬ್ಬರು ಬರೆದ ಪುಸ್ತಕಗಳಲ್ಲಿ ಉಳಿದುಕೊಂಡಿತು. ಮಂಗಳೂರಿನಲ್ಲಿ ಒಬ್ಬ ಪಾದ್ರಿ ಕುಳಿತು, ತನ್ನ ಚರ್ಚಿನಲ್ಲಿ ಮದುವೆಯಾಗದವರೆಲ್ಲ ಮದುವೆಯೇ ಆಗದವರು ಎಂದು ಬರೆದಿಟ್ಟಿದ್ದರೆ ನಮ್ಮ ಅಜ್ಜಿಯಂದಿರ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಆ ಪಟ್ಟಿಯ ಕ್ರೌರ್ಯ ತಿಳಿಯುತ್ತದೆ.

ಇನ್ನು ಹಸಿವಿನ ಮಾತು. ತುಳುನಾಡಿನ ಹಿರಿಯರಿಗೆ ಆಟಿ ತಿಂಗಳನ್ನು ವಿವರಿಸಬೇಕಾಗಿಲ್ಲ. ಕಣಜದ ಭತ್ತ ಬರಿದಾಗಿ, ಹೊಸ ಬೆಳೆ ಇನ್ನೂ ಗದ್ದೆಯಲ್ಲಿ ಹಸಿರಾಗಿ ನಿಂತಿರುವಾಗ, ತಗತೆ ಸೊಪ್ಪು, ಕೆಸುವಿನೆಲೆ, ಹಲಸಿನ ಬೀಜಗಳಲ್ಲಿ ಹೊಟ್ಟೆ ಹೊರೆಯುತ್ತಿದ್ದ ಕಾಲವದು. ಐರ್ಲೆಂಡಿನ ಬಡವರಿಗೂ ಬಹುತೇಕ ಅದೇ ತಿಂಗಳುಗಳಲ್ಲಿ ಅಂಥದೇ ಕಾಲ ಬರುತ್ತಿತ್ತು. ಹಳೆಯ ಬಟಾಟೆ ಮುಗಿದು ಹೊಸದು ನೆಲದಿಂದ ಏಳುವ ತನಕ, ಜೂನ್‌ನಿಂದ ಆಗಸ್ಟ್‌ವರೆಗೆ, ಸಾಲ ಮಾಡಿ ಹಿಟ್ಟು ತರಬೇಕು, ಇಲ್ಲವೇ ಬೇಡಬೇಕು. ಭೂಮಿ ಜಮೀನ್ದಾರನದು, ರೈತನ ಕೂಲಿಗೆ ಬದಲಾಗಿ ಸಿಗುತ್ತಿದ್ದದ್ದು ಬಟಾಟೆ ನೆಡಲು ಒಂದು ತುಂಡು ನೆಲ. ಬೇರೆ ಆಹಾರ ಕೊಳ್ಳುವ ಶಕ್ತಿಯಿಲ್ಲದೆ ಅದೊಂದೇ ಗೆಡ್ಡೆಯ ಮೇಲೆ ಲಕ್ಷಾಂತರ ಸಂಸಾರಗಳು ನಿಂತಿದ್ದವು. 1845ರಲ್ಲಿ ಆ ಗೆಡ್ಡೆಗೆ ಅಂಗಮಾರಿ ರೋಗ ತಗುಲಿತು. ಮರುವರ್ಷ ಬೆಳೆ ಪೂರ್ತಿ ಕೊಳೆತು ಹೋಯಿತು. ನಮ್ಮ ಆಟಿಗೆ ಮರುತಿಂಗಳಾದ ಸೋಣ ಬಂದು ಕೊನೆಯಿತ್ತು, ಅವರ ಆಟಿ ವರ್ಷಗಟ್ಟಲೆ ಮುಗಿಯಲೇ ಇಲ್ಲ. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ ಮತ್ತು ಹಸಿವಿನ ಬೆನ್ನಿಗೆ ಬಂದ ಜ್ವರಗಳಿಂದ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕಿಳಿಯಿತು. ಇದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯ, ಬೆಣ್ಣೆ, ದನಕರುಗಳು ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು.

ಆ ದಿನಗಳಲ್ಲಿ ಕೋರ್ಟಿಗೆ ಬಂದವರ ಸಂಖ್ಯೆ 1845ರಿಂದ 1849ರ ಒಳಗೆ ಎರಡು ಪಟ್ಟನ್ನೂ ಮೀರಿತು. ಜನ ಇದ್ದಕ್ಕಿದ್ದ ಹಾಗೆ ಕೆಟ್ಟವರಾದರು ಎಂದು ಇದನ್ನು ಓದುವವರು ಯಾರಾದರೂ ಇದ್ದಾರೆಯೇ? ಕುರಿ ಕದ್ದವಳು ಅದನ್ನು ಮಾರಲಿಕ್ಕೆಂದು ಒಯ್ಯಲಿಲ್ಲ, ಬೇಯಿಸಿ ಮಕ್ಕಳಿಗೆ ತಿನ್ನಿಸಲಿಕ್ಕೆ ಒಯ್ದಳು. ಇನ್ನೂ ನೋವಿನ ಸಂಗತಿಯೆಂದರೆ, ಕೆಲವು ಹೆಂಗಸರು ಗಡೀಪಾರಾಗಲೆಂದೇ ಅಪರಾಧ ಮಾಡಿದರು. ಹುಲ್ಲಿನ ಬಣವೆಗೋ ಯಾರದ್ದಾದರೂ ಕೊಟ್ಟಿಗೆಗೋ ಬೆಂಕಿ ಇಟ್ಟು, ಓಡಿ ಹೋಗದೆ ನಿಂತು, ನಾನೇ ಇಟ್ಟದ್ದು ಎಂದು ಒಪ್ಪಿಕೊಂಡ ಪ್ರಕರಣಗಳು ದಾಖಲಾಗಿವೆ. ಬಡವರಿಗೆಂದು ಸರಕಾರ ತೆರೆದಿದ್ದ ವರ್ಕ್‌ಹೌಸ್‌ಗಳಲ್ಲಿ ಗಂಡನನ್ನೂ ಹೆಂಡತಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಕೂಡಿಹಾಕುತ್ತಿದ್ದರು. ಜ್ವರ ಬಂದರೆ ಅಲ್ಲೇ ಸಾವು. ಅದಕ್ಕಿಂತ ಕಡಲಾಚೆಯ ಸೆರೆಯೇ ಲೇಸು ಎಂಬ ತೀರ್ಮಾನಕ್ಕೆ ಒಬ್ಬ ಹೆಣ್ಣುಮಗಳು ಬಂದಳೆಂದರೆ ಆ ದೇಶ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು.

ಶಿಕ್ಷೆಯಾದ ಹೆಂಗಸರನ್ನು ಮೊದಲೆಲ್ಲ ಕಾರ್ಕ್‌ನಲ್ಲೂ, 1840ರ ನಂತರ ಡಬ್ಲಿನ್ನಿನ ಗ್ರೇಂಜ್‌ಗೋರ್ಮನ್ ಸೆರೆಮನೆಯಲ್ಲೂ ಹಡಗು ಬರುವ ತನಕ ಇರಿಸುತ್ತಿದ್ದರು. 1836ರಲ್ಲಿ ಬರೀ ಹೆಂಗಸರಿಗೆಂದೇ ತೆರೆದ ಸೆರೆಮನೆಯದು. ಅದರ ಗಡಿಯಾರದ ಕಟ್ಟಡ ಈಗಲೂ ಅಲ್ಲಿ ನಿಂತಿದೆ, ಸುತ್ತಲಿನ ಜಾಗ ವಿಶ್ವವಿದ್ಯಾಲಯವಾಗಿದೆ. ಅಲ್ಲಿಂದ ಹೊರಡುವಾಗ ಎಳೆಯ ಮಕ್ಕಳನ್ನು ಜೊತೆಗೆ ಒಯ್ಯಲು ಹಲವರಿಗೆ ಅನುಮತಿ ಸಿಗುತ್ತಿತ್ತು. ದೊಡ್ಡ ಮಕ್ಕಳನ್ನು ಬಿಟ್ಟು ಹೋಗಬೇಕಾಗುತ್ತಿತ್ತು. ನನ್ನ ಮಕ್ಕಳನ್ನೂ ನನ್ನೊಂದಿಗೆ ಕಳುಹಿಸಿ, ಗಂಡ ಹೋದ ಕಡೆಗೆ ನನ್ನನ್ನೂ ಕಳುಹಿಸಿ ಎಂದು ಡಬ್ಲಿನ್ ಕೋಟೆಯಲ್ಲಿದ್ದ ಬ್ರಿಟಿಷ್ ರಾಜಪ್ರತಿನಿಧಿ ಲಾರ್ಡ್ ಲೆಫ್ಟಿನೆಂಟರಿಗೆ ಹೆಂಗಸರು ಬರೆಸಿದ ಅರ್ಜಿಗಳು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ. 1922ರ ಅಂತರ್ಯುದ್ಧದ ಬೆಂಕಿಯಲ್ಲಿ 1836ಕ್ಕೆ ಹಿಂದಿನ ಗಡೀಪಾರು ದಫ್ತರಗಳು ಸುಟ್ಟುಹೋದುದರಿಂದ, ಆ ಮೊದಲು ಹೋದ ಎಷ್ಟೋ ಹೆಂಗಸರ ಬಗ್ಗೆ ಅವರ ತಾಯ್ನಾಡಿನಲ್ಲಿ ಉಳಿದಿರುವುದು ಇಂಥ ಒಂದು ಅರ್ಜಿ ಮಾತ್ರ.

ಪಯಣ ಮೂರರಿಂದ ಐದು ತಿಂಗಳದ್ದು. 1815ರ ನಂತರ ಪ್ರತಿ ಹಡಗಿನಲ್ಲೂ ಸರಕಾರಿ ವೈದ್ಯರೊಬ್ಬರು ಮೇಲ್ವಿಚಾರಕರಾಗಿ ಇರತೊಡಗಿದ ಮೇಲೆ ದಾರಿಯಲ್ಲಿನ ಸಾವುಗಳು ಬಹಳ ಕಡಿಮೆಯಾದವು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೂ ಕಡಲು ಕಡಲೇ. 1835ರ ಜನವರಿ 8ರಂದು ಕಾರ್ಕ್‌ನಿಂದ ಹೊರಟ ‘ನೇವಾ’ ಹಡಗಿನಲ್ಲಿ 150 ಹೆಣ್ಣು ಕೈದಿಗಳೂ ಅವರ 33 ಮಕ್ಕಳೂ, ಶಿಕ್ಷೆಯಿಲ್ಲದ ಕೆಲವು ಹೆಂಗಸರೂ ಅವರ ಮಕ್ಕಳೂ ಇದ್ದರು. ನಾಲ್ಕು ತಿಂಗಳು ಕಡಲಲ್ಲಿ ಕಳೆದು, ಆಸ್ಟ್ರೇಲಿಯದ ನೆಲ ಹತ್ತಿರವಾದಾಗ, ಮೇ 13ರ ಬೆಳಗಿನ ಜಾವ ಟಾಸ್ಮೇನಿಯದ ವಾಯವ್ಯಕ್ಕಿರುವ ಕಿಂಗ್ ದ್ವೀಪದ ಬಳಿ ಹಡಗು ಬಂಡೆಗೆ ಬಡಿದು ಒಡೆಯಿತು. ಹಲಗೆ ಹಿಡಿದು ದಡ ಸೇರಿದವರು 22 ಮಂದಿ. ಅವರಲ್ಲೂ ಏಳು ಮಂದಿ ಚಳಿಗೆ ಸತ್ತರು. ಉಳಿದದ್ದು 15 ಜೀವ. ಇನ್ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ಅಲ್ಲೇ ಮುಳುಗಿದರು. ನ್ಯಾಯಾಲಯ ವಿಧಿಸಿದ್ದು ಏಳು ವರ್ಷದ ದುಡಿಮೆಯ ಶಿಕ್ಷೆ. ಆ ಮಕ್ಕಳಿಗಂತೂ ಯಾವ ಶಿಕ್ಷೆಯನ್ನೂ ಯಾರೂ ವಿಧಿಸಿರಲಿಲ್ಲ. ಮಳೆಗಾಲದಲ್ಲಿ ದೋಣಿ ಮಗುಚಿದ ಸುದ್ದಿ ಬಂದಾಗ ಮಲ್ಪೆಯಲ್ಲೋ ಉಳ್ಳಾಲದಲ್ಲೋ ದಡದಲ್ಲಿ ನಿಂತು ಕಾದವರಿಗೆ ಈ ಸಾವಿನ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿಲ್ಲ.

ಬದುಕಿ ದಡ ಸೇರಿದವರಿಗೆ ಕಾದಿದ್ದುದು ‘ಫೀಮೇಲ್ ಫ್ಯಾಕ್ಟರಿ’ ಎಂಬ ಸೆರೆಮನೆ. ಸಿಡ್ನಿಯ ಬಳಿ ಪ್ಯಾರಾಮ್ಯಾಟಾದಲ್ಲಿ ಒಂದು, ಟಾಸ್ಮೇನಿಯದ ಹೋಬಾರ್ಟಿನ ಕ್ಯಾಸ್ಕೇಡ್ಸ್‌ನಲ್ಲಿ ಇನ್ನೊಂದು. ಬೇರೆ ಕೆಲವೂ ಇದ್ದವು. ಕ್ಯಾಸ್ಕೇಡ್ಸ್ ಮೊದಲು ಮದ್ಯ ಭಟ್ಟಿಯಾಗಿತ್ತು. 1828ರಲ್ಲಿ ಅದನ್ನು ಹೆಂಗಸರ ಸೆರೆಮನೆಯಾಗಿ ಮಾಡಿದರು. ವೆಲಿಂಗ್ಟನ್ ಬೆಟ್ಟದ ಬುಡದ ತಗ್ಗಿನಲ್ಲಿ, ಹೊಳೆಯ ಪಕ್ಕದಲ್ಲಿ ಅದನ್ನು ಕಟ್ಟಿದ್ದರಿಂದ ಚಳಿಗಾಲದಲ್ಲಿ ಒಳಗಿನ ಅಂಗಳಗಳಿಗೆ ಬಿಸಿಲು ಬೀಳುತ್ತಿದ್ದದ್ದೇ ಕಡಿಮೆ. ಗೋಡೆಗಳು ಸದಾ ತೇವ. ಹೆಂಗಸರನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. ಒಳ್ಳೆಯ ನಡತೆಯವರನ್ನು ವಸಾಹತಿನ ಮನೆಗಳಿಗೆ ಸಂಬಳವಿಲ್ಲದ ಕೆಲಸದವರಾಗಿ ಕಳುಹಿಸುತ್ತಿದ್ದರು. ಕೆಳಗಿನ ದರ್ಜೆಯವರ ರವಿಕೆಯ ಬೆನ್ನಿಗೂ ತೋಳಿಗೂ ಲಂಗದ ಹಿಂಬದಿಗೂ ದೊಡ್ಡ ಹಳದಿ ಅಕ್ಷರವೊಂದನ್ನು ಹೊಲಿದಿರುತ್ತಿದ್ದರು. ದೂರದಿಂದ ನೋಡಿದರೂ ಇವಳು ಯಾವ ದರ್ಜೆಯವಳು ಎಂದು ಗೊತ್ತಾಗಬೇಕು. ಅವರ ಕೆಲಸ ಕಲ್ಲುತೊಟ್ಟಿಗಳ ಮುಂದೆ ನಿಂತು ಊರಿನ ಬಟ್ಟೆ ಒಗೆಯುವುದು, ಅಥವಾ ಹಡಗಿನ ಹಳೆಯ ಹಗ್ಗಗಳ ಹುರಿ ಬಿಡಿಸಿ ನಾರು ತೆಗೆಯುವುದು. ಡಾಂಬರು ಅಂಟಿ ಗಟ್ಟಿಯಾದ ಆ ಹಗ್ಗವನ್ನು ಬೆರಳಿನಿಂದಲೇ ಬಿಡಿಸಬೇಕಿತ್ತು. ಆ ನಾರು ಮತ್ತೆ ಹಡಗಿನ ಹಲಗೆಸಂದಿಗಳನ್ನು ಮುಚ್ಚಲು ಹೋಗುತ್ತಿತ್ತು. ನಮ್ಮ ಬಂದರಿನಲ್ಲಿ ಮಂಜಿ ಎಂಬ ಮರದ ಸರಕುದೋಣಿಗಳ ಸಂದಿಗೆ ನಾರು ತುಂಬುವುದನ್ನು ಕಂಡವರಿಗೆ ಆ ಬೆರಳುಗಳ ಪಾಡು ಅರ್ಥವಾದೀತು.

ಹೇಳದೆ ಹೊರಗೆ ಹೋದರೆ, ಯಜಮಾನಿಗೆ ಎದುರುತ್ತರ ಕೊಟ್ಟರೆ, ಕುಡಿದರೆ ಕತ್ತಲೆ ಕೋಣೆ, ರೊಟ್ಟಿ ಮತ್ತು ನೀರು. ಕೆಲವೊಮ್ಮೆ ತಲೆಗೂದಲನ್ನೇ ಕತ್ತರಿಸಿ ಹಾಕುತ್ತಿದ್ದರು. ಕೆಲಸದ ಮನೆಯಲ್ಲಿ ಬಸಿರಾದವಳನ್ನು ಫ್ಯಾಕ್ಟರಿಗೆ ವಾಪಸು ಕಳುಹಿಸುತ್ತಿದ್ದರು. ಮಗು ಮೊಲೆ ಬಿಟ್ಟ ಮೇಲೆ ತಾಯಿ ಶಿಕ್ಷೆಯ ದರ್ಜೆಗೆ, ಮಗು ಅಲ್ಲೇ ತೊಟ್ಟಿಲಮನೆಗೆ, ಆಮೇಲೆ ಅನಾಥಶಾಲೆಗೆ. ಆ ಬಸಿರಿಗೆ ಕಾರಣನಾದ ಗಂಡಸನ್ನು ಯಾರೂ ಎಲ್ಲಿಗೂ ಕಳುಹಿಸಲಿಲ್ಲ. ತೇವದ ಆ ಕಟ್ಟಡದಲ್ಲಿ ಕೂಸುಗಳು ಸಾಲುಸಾಲಾಗಿ ಸತ್ತವು. ಹೋಬಾರ್ಟಿನ ಅಂದಿನ ಪತ್ರಿಕೆಗಳು ಅದನ್ನು ಎತ್ತಿ ತೋರಿಸಿ ಬರೆದವು ಎಂಬುದನ್ನು ಒಬ್ಬ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಗೌರವದಿಂದ ನೆನೆಯುತ್ತೇನೆ.

ಇವರು ಎಲ್ಲವನ್ನೂ ತಲೆ ತಗ್ಗಿಸಿ ಸಹಿಸಿಕೊಂಡವರೂ ಅಲ್ಲ. 1827ರ ಅಕ್ಟೋಬರಿನಲ್ಲಿ ಪ್ಯಾರಾಮ್ಯಾಟಾದಲ್ಲಿ ರೊಟ್ಟಿ ಮತ್ತು ಸಕ್ಕರೆಯ ಪಡಿತರವನ್ನು ಕಡಿತ ಮಾಡಿದಾಗ ಹೆಂಗಸರು ಸುತ್ತಿಗೆ ಮುಂತಾದವನ್ನು ಹಿಡಿದು ಬಾಗಿಲು ಒಡೆದು ಪೇಟೆಗೆ ನುಗ್ಗಿದರು. ಬಂದೂಕುಧಾರಿ ಸೈನಿಕರು ಬೆನ್ನಟ್ಟಿ ಬಂದು ಹಿಡಿಯುವಷ್ಟರಲ್ಲಿ ರೊಟ್ಟಿ, ಮಾಂಸಗಳನ್ನು ಉಡಿಯಲ್ಲಿ ತುಂಬಿಕೊಂಡಿದ್ದರು. ಆಸ್ಟ್ರೇಲಿಯದಲ್ಲಿ ದುಡಿಯುವ ಹೆಂಗಸರು ಒಟ್ಟಾಗಿ ನಡೆಸಿದ ಮೊದಮೊದಲ ಪ್ರತಿಭಟನೆಗಳಲ್ಲಿ ಅದೂ ಒಂದೆಂದು ಈಗ ಎಣಿಸುತ್ತಾರೆ. ಅದೇ ಫ್ಯಾಕ್ಟರಿಗೆ ಹೆಂಡತಿ ಬೇಕಾದ ಗಂಡಸರು ಅರ್ಜಿ ಹಿಡಿದು ಬರುವುದಿತ್ತು; ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದರು, ಅವನು ನೋಡಿ ಆರಿಸಬೇಕು, ಅವಳು ಒಪ್ಪಿದರೆ ಮದುವೆ. ಗಂಡಸರೇ ತುಂಬಿದ್ದ ವಸಾಹತಿಗೆ ಹೆಂಗಸರು ಬೇಕಾಗಿದ್ದರು ಎಂಬುದನ್ನು ಗಮನಿಸದೆ, ಸಣ್ಣ ಕಳ್ಳತನಕ್ಕೆ ಇಷ್ಟು ದೊಡ್ಡ ಶಿಕ್ಷೆ ಏಕೆ ಬಂತು ಎಂಬುದನ್ನು ಪೂರ್ತಿಯಾಗಿ ವಿವರಿಸಲಾಗದು. ಇದೇ ಸರಕಾರ ನಮ್ಮವರಿಗೂ ಕರಿನೀರಿನ ಶಿಕ್ಷೆ ಕೊಟ್ಟಿತು. ಪಿನಾಂಗ್, ಸಿಂಗಾಪುರ, 1858ರ ನಂತರ ಅಂಡಮಾನ್. ಅಂಡಮಾನಿನ ಹೆಣ್ಣು ಕೈದಿಗಳನ್ನೂ ಹಾಗೆಯೇ ಸಾಲಾಗಿ ನಿಲ್ಲಿಸಿ ಗಂಡು ಕೈದಿಗಳಿಗೆ ಮದುವೆ ಮಾಡಿಸುತ್ತಿದ್ದ ಪದ್ಧತಿ ಇತ್ತು.

ಈ ಹೆಂಗಸರು ಇಳಿದ ನೆಲ ಯಾರೂ ಇಲ್ಲದ ನೆಲವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಟಾಸ್ಮೇನಿಯದ ಮೂಲನಿವಾಸಿಗಳನ್ನು ಅದೇ ದಶಕಗಳಲ್ಲಿ ಕೊಂದು, ಉಳಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಅಟ್ಟಿದರು. ಒಬ್ಬರ ಊರನ್ನು ಕಸಿದು ಕಟ್ಟಿದ ವಸಾಹತಿಗೆ ಇನ್ನೊಬ್ಬರ ಊರಿನಿಂದ ಹೆಂಗಸರನ್ನು ಎಳೆತಂದರು.

ಆ ಹೆಂಗಸರ ಬಗ್ಗೆ ಇಷ್ಟೆಲ್ಲ ನಮಗೆ ತಿಳಿದಿರುವುದು ಸರಕಾರದ ದಫ್ತರದಿಂದಲೇ. ಹಡಗಿನಿಂದ ಇಳಿದ ಪ್ರತಿಯೊಬ್ಬಳನ್ನೂ ಗುಮಾಸ್ತನ ಮುಂದೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು: ಎತ್ತರ ಎಷ್ಟು ಅಡಿ, ಎಷ್ಟು ಅಂಗುಲ; ಕೂದಲಿನ ಮತ್ತು ಕಣ್ಣಿನ ಬಣ್ಣ; ಹುಬ್ಬು, ಮೂಗು, ಗಲ್ಲದ ಆಕಾರ; ಮುಖದ ಸಿಡುಬಿನ ಕಲೆ, ತೋಳಿನ ಹಚ್ಚೆ; ಹುಟ್ಟೂರು; ಯಾವ ಕೆಲಸ ಬರುತ್ತದೆ; ಓದಲು ಬರುತ್ತದೆಯೇ, ಬರೆಯಲೂ ಬರುತ್ತದೆಯೇ; ಊರಿನಲ್ಲಿ ಬಿಟ್ಟು ಬಂದ ತಾಯಿ, ತಂದೆ, ಅಕ್ಕತಂಗಿಯರ ಹೆಸರು. ಏನು ಕದ್ದೆ ಎಂದು ಕೇಳಿ ಅವಳು ಹೇಳಿದ್ದನ್ನು ಹಾಗೆಯೇ ಬರೆದಿಡುತ್ತಿದ್ದರು. ಓಡಿಹೋದರೆ ಗುರುತು ಹಿಡಿಯಲೆಂದು ಬರೆದ ಈ ವಿವರಗಳು, ಹತ್ತೊಂಬತ್ತನೆಯ ಶತಮಾನದ ಬಡ ಹೆಂಗಸರ ಬಗ್ಗೆ ಜಗತ್ತಿನಲ್ಲಿ ಎಲ್ಲಿಯೂ ಸುಲಭವಾಗಿ ಸಿಗದ ದಾಖಲೆಯಾಗಿ ಉಳಿದಿವೆ. 2007ರಲ್ಲಿ ಯುನೆಸ್ಕೊ ಆಸ್ಟ್ರೇಲಿಯದ ಕೈದಿ ದಾಖಲೆಗಳನ್ನು ‘ಮೆಮೊರಿ ಆಫ್ ದ ವರ್ಲ್ಡ್’ ಪಟ್ಟಿಗೆ ಸೇರಿಸಿತು. 2010ರಲ್ಲಿ ಕ್ಯಾಸ್ಕೇಡ್ಸ್ ಸೇರಿದಂತೆ ಹನ್ನೊಂದು ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅಲ್ಲಿಯವರೆಗಿನ ದಾರಿ ಮಾತ್ರ ಬಹಳ ದೊಡ್ಡದು. ಕೈದಿಯ ವಂಶದವರು ಎನ್ನಿಸಿಕೊಳ್ಳುವುದು ಆಸ್ಟ್ರೇಲಿಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನಾಚಿಕೆಯ ವಿಷಯವಾಗಿತ್ತು. ಆ ಕಳಂಕ ತೊಳೆಯಲೆಂದೇ ವ್ಯಾನ್ ಡೀಮನ್ಸ್ ಲ್ಯಾಂಡ್ 1856ರಲ್ಲಿ ಅಧಿಕೃತವಾಗಿ ತನ್ನ ಹೆಸರನ್ನು ಟಾಸ್ಮೇನಿಯಾ ಎಂದು ಬದಲಿಸಿಕೊಂಡಿತು. ಮನೆಮನೆಗಳಲ್ಲಿ ಅಜ್ಜಿಯ ವಿಷಯ ಮಕ್ಕಳಿಗೆ ಹೇಳದೆ ಮುಚ್ಚಿಟ್ಟರು. ಮನೆಗೆಲಸ ಮಾಡಿ, ಹೊಲ ಉತ್ತು, ಹತ್ತು ಮಕ್ಕಳನ್ನು ಸಾಕಿ, ಮತ್ತೆಂದೂ ಕೋರ್ಟಿನ ಮೆಟ್ಟಿಲು ಹತ್ತದೆ ಮುದುಕಿಯಾಗಿ ಸತ್ತ ಹೆಂಗಸು ಕೂಡ, ಎಂದೋ ಹದಿನೆಂಟನೆಯ ವಯಸ್ಸಿನಲ್ಲಿ ಒಯ್ದ ಒಂದು ಚಾದರಕ್ಕಾಗಿ ಮೊಮ್ಮಕ್ಕಳ ಬಾಯಲ್ಲಿ ಹೆಸರಿಲ್ಲದವಳಾದಳು. 1970ರ ದಶಕದ ನಂತರ ಇದು ನಿಧಾನವಾಗಿ ಬದಲಾಯಿತು. 1988ರಲ್ಲಿ ಐರ್ಲೆಂಡ್ ಸರಕಾರ ತನ್ನಲ್ಲಿದ್ದ ಗಡೀಪಾರು ದಾಖಲೆಗಳ ಪ್ರತಿಯನ್ನು ಆಸ್ಟ್ರೇಲಿಯಕ್ಕೆ ಉಡುಗೊರೆಯಾಗಿ ಕೊಟ್ಟಿತು. ಕಲಾವಿದೆ ಕ್ರಿಸ್ಟಿನಾ ಹೆನ್ರಿ ಅವರು ಗಡೀಪಾರಾದ ಪ್ರತಿ ಹೆಂಗಸಿಗೆ ಒಂದರಂತೆ 25,566 ಬಟ್ಟೆಯ ಟೋಪಿಗಳನ್ನು ಹೊಲಿಸುವ ಕೆಲಸ ಕೈಗೊಂಡರು. ಪ್ರತಿಯೊಂದು ಟೋಪಿಯ ಮೇಲೂ ಒಬ್ಬ ಹೆಂಗಸಿನ ಹೆಸರು, ಅವಳು ಬಂದ ಹಡಗಿನ ಹೆಸರು. 2017ರಲ್ಲಿ ಹೋಬಾರ್ಟಿನ ಬಂದರಿನಲ್ಲಿ ಆ ಹೆಂಗಸರ ಕಂಚಿನ ಪ್ರತಿಮೆಗಳನ್ನು ಐರ್ಲೆಂಡಿನ ಅಧ್ಯಕ್ಷ ಮೈಕೆಲ್ ಡಿ. ಹಿಗಿನ್ಸ್ ಅವರು ಅನಾವರಣ ಮಾಡಿದರು. ತನ್ನ ದೇಶ ‘ಕಳ್ಳಿ’ ಎಂದು ಹೊರದಬ್ಬಿದವರ ಎದುರು ಆ ದೇಶದ ಅಧ್ಯಕ್ಷರೇ ಬಂದು ನಿಂತದ್ದು ನನಗೆ ಬಹಳ ದೊಡ್ಡ ಸಂಗತಿ ಎನಿಸುತ್ತದೆ.

ಈ ವಿಷಯವನ್ನು ನಾನು ಬರೀ ಇತಿಹಾಸವೆಂದು ಬರೆಯುತ್ತಿಲ್ಲ. ಸಣ್ಣ ಕಳ್ಳತನಕ್ಕೆ ಸಿಕ್ಕಿಬಿದ್ದ ಹೆಂಗಸನ್ನು ನಾವು ಇಂದು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದನ್ನು ಮಂಗಳೂರು, ಉಡುಪಿಯ ನಾವು ಯೋಚಿಸಬೇಕು. ಕಾನೂನು ಈ ನಡುವೆ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಸೆಕ್ಷನ್ ಪ್ರಕಾರ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಅಂಥ ಹೆಂಗಸು ಊರು ಬಿಡಬಾರದು, ಊರಿನೊಳಗೇ ದುಡಿದು ತಪ್ಪು ತೀರಿಸಿಕೊಳ್ಳಲಿ ಎಂಬುದು ಇದರ ಆಶಯ. ಆದರೆ ಅವಳನ್ನು ಊರು ಬಿಡಿಸುವ ಕೆಲಸವನ್ನು ಕಾನೂನಿಗಿಂತ ಮೊದಲೇ ನಾವು ಮಾಡಿ ಮುಗಿಸಿರುತ್ತೇವೆ. ಅಂಗಡಿಯ ಸಿಸಿಟಿವಿ ತುಣುಕು ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಮರುದಿನ ಪತ್ರಿಕೆಗಳಲ್ಲಿ ಹೆಸರು, ಗಂಡನ ಹೆಸರು, ಮನೆಯ ಹೆಸರು, ಭಾವಚಿತ್ರ. ನಮ್ಮ ಕಡೆ ಮನೆಯ ಹೆಸರು ಬಂತೆಂದರೆ ಆಮೇಲೆ ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ. ನಾನು ಬಲ್ಲ ಒಬ್ಬಳು ಮನೆಗೆಲಸದ ಹೆಂಗಸಿನ ಚಿತ್ರ ಹೀಗೆ ಅಚ್ಚಾಯಿತು. ಪ್ರಕರಣ ಕೆಲವೇ ತಿಂಗಳಲ್ಲಿ ರಾಜಿಯಾಗಿ ಮುಗಿಯಿತು. ಆ ಸುದ್ದಿ ಎಲ್ಲಿಯೂ ಬರಲಿಲ್ಲ. ಅಷ್ಟರೊಳಗೆ ಅವಳ ಮಗಳನ್ನು ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳತೊಡಗಿದ್ದರಿಂದ ಸಂಸಾರ ಮುಂಬಯಿಗೆ ಹೋಯಿತು. ಮುದಿ ತಾಯಿ ಮಾತ್ರ ಇಲ್ಲೇ ಉಳಿದಳು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಕಡಿಮೆ ಬೆಲೆಯ ವಸ್ತುಗಳ ಕಳ್ಳತನದ ಆರೋಪ ಹೊತ್ತವರ, ಅದರಲ್ಲೂ ಮೊದಲ ಬಾರಿ ಆರೋಪಕ್ಕೆ ಒಳಗಾದವರ ಭಾವಚಿತ್ರ, ಗಂಡನ ಹೆಸರು ಮತ್ತು ಮನೆಯ ಹೆಸರನ್ನು ನ್ಯಾಯಾಲಯ ತೀರ್ಪು ಕೊಡುವ ತನಕ ಪ್ರಕಟಿಸಬೇಡಿ. ಘಟನೆ ನಡೆದ ಸ್ಥಳ, ಕಳುವಾದ ವಸ್ತು, ಪೊಲೀಸರು ಕೈಗೊಂಡ ಕ್ರಮ ಇಷ್ಟು ಬರೆದರೆ ಅಂಗಡಿಯವರಿಗೂ ಸಾರ್ವಜನಿಕರಿಗೂ ಬೇಕಾದ ಎಚ್ಚರಿಕೆ ಸಿಗುತ್ತದೆ. ಹಿಂದೆ ಹೆಸರು ಪ್ರಕಟವಾದ ಪ್ರಕರಣ ಖುಲಾಸೆಯಲ್ಲೋ ರಾಜಿಯಲ್ಲೋ ಮುಗಿದಿದ್ದರೆ, ಸಂಬಂಧಪಟ್ಟವರು ನ್ಯಾಯಾಲಯದ ಆದೇಶದ ಪ್ರತಿ ತಂದುಕೊಟ್ಟಾಗ ಅದನ್ನೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿ. ತಮ್ಮ ಜಾಲತಾಣದಲ್ಲಿ ಉಳಿದಿರುವ ಹಳೆಯ ಚಿತ್ರವನ್ನು ತೆಗೆದುಹಾಕಿ. ಇದಕ್ಕಾಗಿ ಹೊಸ ಕಾನೂನು ಬರಬೇಕಾಗಿಲ್ಲ, ಸುದ್ದಿಮನೆಯ ಒಂದು ನಿರ್ಧಾರ ಸಾಕು. ಅದನ್ನು ಕರಾವಳಿಯಲ್ಲಿ ಮೊದಲು ತಾವು ಮಾಡುತ್ತೀರಿ ಎಂಬ ಭರವಸೆಯಿಂದ ಈ ಪತ್ರವನ್ನು ಕಳುಹಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕಿ,
ಉಡುಪಿ